ಅಂಕಪಟ್ಟಿಯಲ್ಲಿ ಮನೆಯ ಪಾಲೆಷ್ಟು?

ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯವನ್ನು ಕುರಿತವಾಗಿರುತ್ತವೆ: ಮಗು ಹುಟ್ಟಿ ಬೆಳೆದ ಮನೆಗೂ ಅದು ಪಡೆಯುವ ಅಂಕಗಳಿಗೂ ಇರುವ ನಂಟು. ಈ ಸಲ ಅಂಥ ಕೆಲವು ಪತ್ರಗಳನ್ನು ಮಾತ್ರ ಆರಿಸಿಕೊಂಡಿದ್ದೇವೆ. ಬರೆದವರಲ್ಲಿ ಹಲವರು ಕೋರಿದ್ದರಿಂದ ಯಾರ ಹೆಸರನ್ನೂ ಪ್ರಕಟಿಸಿಲ್ಲ.

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕಿ. ಫಲಿತಾಂಶ ಕುಸಿದಾಗಲೆಲ್ಲ ಕಾರಣ ಕೇಳಿ ನೋಟಿಸ್ ಬರುತ್ತದೆ, ಕರಾವಳಿಯ ಶಾಲೆಗಳನ್ನು ನೋಡಿ ಕಲಿಯಿರಿ ಎಂಬ ಉಪದೇಶವೂ ಬರುತ್ತದೆ. ಹತ್ತಿ ಬಿಡಿಸುವ ಕಾಲಕ್ಕೆ ನಮ್ಮ ತರಗತಿಯ ಅರ್ಧ ಬೆಂಚುಗಳು ಖಾಲಿಯಾಗುತ್ತವೆ. ತಪ್ಪು ನಮ್ಮದೋ, ಮನೆಯವರದೋ?
— ಶಿಕ್ಷಕಿ, ರಾಯಚೂರು ಜಿಲ್ಲೆ

ಉತ್ತರ: ನೋಟಿಸ್ ಬರೆದವರು ಎರಡು ಸಾಲು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದರೆ ಆ ಉಪದೇಶದ ಧಾಟಿ ಸ್ವಲ್ಪ ಬದಲಾಗುತ್ತಿತ್ತು. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಶೇ 91.12ರೊಂದಿಗೆ ಮೊದಲ ಸ್ಥಾನದಲ್ಲಿತ್ತು, ಕಲಬುರಗಿ ಶೇ 42.43ರೊಂದಿಗೆ ಕೊನೆಯಲ್ಲಿತ್ತು. ಅದರ ಹಿಂದಿನ ವರ್ಷ ಉಡುಪಿ ಶೇ 94, ಯಾದಗಿರಿ ಶೇ 50.59. ಇನ್ನು 2011ರ ಜನಗಣತಿಯನ್ನು ತೆರೆದರೆ, ದಕ್ಷಿಣ ಕನ್ನಡದ ಸಾಕ್ಷರತೆ ಶೇ 88ಕ್ಕಿಂತ ಹೆಚ್ಚು. ನಿಮ್ಮ ರಾಯಚೂರಿನದು ಶೇ 60ಕ್ಕಿಂತ ತುಸು ಕಡಿಮೆ. ಯಾದಗಿರಿಯದು ಶೇ 52ರ ಆಸುಪಾಸು, ಅಲ್ಲಿನ ಹೆಂಗಸರಲ್ಲಿ ಹತ್ತಕ್ಕೆ ನಾಲ್ವರಷ್ಟೇ ಓದುಬರಹ ಬಲ್ಲವರು. ಆ ಗಣತಿಯಲ್ಲಿ ಎಣಿಕೆಯಾದ ಯುವಕ ಯುವತಿಯರೇ ಇಂದು ನಿಮ್ಮ ಹತ್ತನೆಯ ತರಗತಿಯ ಮಕ್ಕಳ ತಂದೆ ತಾಯಂದಿರು. ಒಂದು ಜಿಲ್ಲೆಯಲ್ಲಿ ಮಗು ಮನೆಗೆ ತಂದ ಪ್ರಶ್ನೆಗೆ ಉತ್ತರ ಹೇಳಬಲ್ಲವರು ಎರಡು ಮೂರು ತಲೆಮಾರುಗಳಿಂದ ಇದ್ದಾರೆ. ಇನ್ನೊಂದರಲ್ಲಿ ಆ ಮಗುವೇ ವಂಶದಲ್ಲಿ ಮೊದಲು ಪ್ರೌಢಶಾಲೆಯ ಮೆಟ್ಟಿಲು ಹತ್ತಿರುವುದು.

ಈ ಅಂತರ ಹುಟ್ಟಿದ್ದು ನಿಮ್ಮ ಕಾಲದಲ್ಲಿ ಅಲ್ಲ. ಶಾಲೆಗಳನ್ನು ತೆರೆದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಕುದ್ಮುಲ್ ರಂಗರಾಯರು ಅಸ್ಪೃಶ್ಯರೆನಿಸಿದ್ದವರ ಮಕ್ಕಳಿಗಾಗಿ ಅಲ್ಲಿ ದುಡಿಯತೊಡಗಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ. ದೇವರಾಜ ಅರಸರ ಕಾಲದ ಭೂಸುಧಾರಣೆಯ ಲಾಭ ಹೆಚ್ಚಾಗಿ ದಕ್ಕಿದ್ದೂ ಕರಾವಳಿಯ ಗೇಣಿದಾರರಿಗೇ. ಸ್ವಂತ ನೆಲ ಸಿಕ್ಕ ಮನೆ ಮಕ್ಕಳನ್ನು ಹೊಲಕ್ಕಿಂತ ಮೊದಲು ಶಾಲೆಗೆ ಕಳುಹಿಸುವ ಧೈರ್ಯ ಮಾಡಿತು. ನಿಜಾಮರ ಆಳ್ವಿಕೆಯಲ್ಲಿದ್ದ ನಿಮ್ಮ ಭಾಗದಲ್ಲಿ ಕನ್ನಡ ಶಾಲೆಗಳೇ ವಿರಳವಾಗಿದ್ದವು. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವೆಂದು ಗುರುತಿಸಿ, 39ನ್ನು ಅತ್ಯಂತ ಹಿಂದುಳಿದವುಗಳ ಪಟ್ಟಿಗೆ ಸೇರಿಸಿದಾಗ ಆ 39ರಲ್ಲಿ ಅರ್ಧಕ್ಕಿಂತ ಹೆಚ್ಚು ಅಂದಿನ ಗುಲ್ಬರ್ಗಾ ವಿಭಾಗದಲ್ಲೇ ಇದ್ದವು. ನಿಮ್ಮ ದೇವದುರ್ಗವೂ ಅವುಗಳಲ್ಲೊಂದು. ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದದ್ದು ಅದಾದ ಹತ್ತು ವರ್ಷಗಳ ಮೇಲೆ.

ಜಿಲ್ಲಾವಾರು ಪಟ್ಟಿಯನ್ನು ಪೂರ್ತಿ ನಂಬುವುದೂ ಜಾಣತನವಲ್ಲ. 2023ರಲ್ಲಿ ಮೊದಲ ಸ್ಥಾನ ಚಿತ್ರದುರ್ಗದ್ದು. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದದ್ದೇ ತಡ, ಪಟ್ಟಿ ಮೇಲುಕೆಳಗಾಯಿತು, ರಾಜ್ಯದ ಸರಾಸರಿಯೂ ಹತ್ತು ಅಂಶಗಳಷ್ಟು ಇಳಿಯಿತು; ಅದೂ ಕೃಪಾಂಕಗಳನ್ನು ಧಾರಾಳವಾಗಿ ಕೊಟ್ಟ ಮೇಲೆ. ಆದರೆ ಕ್ಯಾಮೆರಾ ಇಲ್ಲದ 2023ರಲ್ಲೂ ಇದ್ದ 2024ರಲ್ಲೂ ಯಾದಗಿರಿ ಕೊನೆಯಲ್ಲೇ ಇತ್ತು ಎಂಬುದನ್ನು ಗಮನಿಸಬೇಕು.

ಇನ್ನು ಹತ್ತಿಯ ಮಾತು. ಹತ್ತಿ ಬಿಡಿಸುವ ಕೂಲಿ ಕಿಲೋ ಲೆಕ್ಕದ್ದು. ಆದ್ದರಿಂದ ಹದಿನಾಲ್ಕು ವರ್ಷದ ಕೈಗಳು ಮನೆಯ ಆದಾಯಕ್ಕೆ ನೇರವಾಗಿ ಕೂಡುತ್ತವೆ, ಆ ಆದಾಯ ವರ್ಷದ ಕೆಲವೇ ವಾರಗಳಲ್ಲಿ ಸಿಗುವಂಥದು. ಸುಗ್ಗಿ ಮುಗಿದ ಮೇಲೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಕುಟುಂಬ ಮಗುವನ್ನು ಜೊತೆಗೆ ಕರೆದೊಯ್ಯುತ್ತದೆ, ಇಲ್ಲವೇ ಅಜ್ಜಿಯ ಬಳಿ ಬಿಡುತ್ತದೆ. ಅಂಥ ತಂದೆ ತಾಯಿಗೆ ಓದಿನ ಬೆಲೆ ಗೊತ್ತಿಲ್ಲ ಎನ್ನುವುದು ಸುಲಭದ ಮಾತು. ಅವರ ಲೆಕ್ಕ ಅವರ ಮಟ್ಟಿಗೆ ಸರಿಯಾಗಿಯೇ ಇದೆ; ಮನೆಯಲ್ಲಿ ಕಾಳು ಮುಗಿದಿರುವಾಗ ಹತ್ತು ವರ್ಷದಾಚೆಯ ನೌಕರಿಯ ಆಸೆಗೆ ಇಂದಿನ ಕೂಲಿಯನ್ನು ಬಿಡಲಾಗದು. ಆದರೆ ನಿಮ್ಮ ವಿಷಯ ಒಂದರ ಮೇಲೊಂದು ನಿಲ್ಲುವಂಥದು. ಭಿನ್ನರಾಶಿ ನಡೆಯುವಾಗ ಹೊಲದಲ್ಲಿದ್ದ ಮಗುವಿಗೆ ಅನುಪಾತ ಅರ್ಥವಾಗದು, ಅನುಪಾತ ಬಾರದವನಿಗೆ ಬೀಜಗಣಿತ ಹತ್ತದು. ಸಮಾಜ ವಿಜ್ಞಾನದಲ್ಲಿ ತಪ್ಪಿದ ಪಾಠವೊಂದು ಅಷ್ಟಕ್ಕೇ ನಿಲ್ಲುತ್ತದೆ, ಗಣಿತದಲ್ಲಿ ತಪ್ಪಿದ್ದು ಮುಂದಿನದನ್ನೆಲ್ಲ ಕೆಡಿಸುತ್ತದೆ.

ಇದನ್ನು ಮೊದಲೇ ಮನಗಂಡು ರೂಪಿಸಿದ ಪದ್ಧತಿಯೊಂದು ನಮ್ಮಲ್ಲೇ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿಯ ಕಲಿಕಾ ಏಣಿಯಲ್ಲಿ, ನಡುವೆ ಶಾಲೆ ಬಿಟ್ಟುಹೋದ ಮಗು ಮರಳಿದಾಗ ತಾನು ನಿಂತಿದ್ದ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ತರಗತಿ ಎಲ್ಲಿದೆಯೋ ಅಲ್ಲಿಗೆ ಹಾರಬೇಕಿಲ್ಲ. ಪ್ರೌಢಶಾಲೆಯಲ್ಲಿ ಈ ಅನುಕೂಲವಿಲ್ಲ. ಆದ್ದರಿಂದ ನೀವು ಮಾಡಬಹುದಾದದ್ದು ಇಷ್ಟು: ಜೂನ್ ತಿಂಗಳಲ್ಲೇ ಎಂಟನೆಯ ತರಗತಿಗೆ ಬಂದ ಪ್ರತಿ ಮಗುವಿಗೂ ಕಳೆಯುವುದು, ಭಾಗಿಸುವುದು, ಒಂದು ಪುಟ ಓದುವುದು ಎಷ್ಟರಮಟ್ಟಿಗೆ ಬರುತ್ತದೆಂದು ಬರೆದಿಡಿ, ತಿಂಗಳುವಾರು ಹಾಜರಿಯನ್ನು ಅದರ ಪಕ್ಕದಲ್ಲಿ ಗುರುತಿಸಿ, ವರ್ಷದ ಕೊನೆಗೆ ಅದೇ ಪರೀಕ್ಷೆಯನ್ನು ಮತ್ತೆ ಮಾಡಿ. ಮಗು ಏನು ಹೊತ್ತು ತಂದಿತು, ಋತು ಏನನ್ನು ಕಸಿದುಕೊಂಡಿತು, ನೀವು ಏನನ್ನು ಸೇರಿಸಿದಿರಿ ಎಂಬ ಮೂರೂ ಆಗ ಬೇರೆ ಬೇರೆಯಾಗಿ ಕಾಣುತ್ತವೆ. ಮುಂದಿನ ನೋಟಿಸಿಗೆ ಆ ಹಾಳೆಯನ್ನು ಲಗತ್ತಿಸಿ. ಅದರಲ್ಲಿ ನಿಮ್ಮ ಪಾಲು ಸೊನ್ನೆ ಎಂದು ತೋರಿದರೆ ಅದನ್ನೂ ಒಪ್ಪಬೇಕಾಗುತ್ತದೆ. ಮನೆಯ ಬಡತನ ಎಲ್ಲಕ್ಕೂ ನೆಪವಾಗಲಾರದು. ದೇಶದಾದ್ಯಂತ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಮುನ್ಸೂಚನೆಯಿಲ್ಲದೆ ಭೇಟಿಯಿತ್ತು 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ನಾಲ್ಕು ಶಿಕ್ಷಕರಲ್ಲಿ ಒಬ್ಬರು ಶಾಲೆಯಲ್ಲಿರಲಿಲ್ಲ.

ಪ್ರಶ್ನೆ: ಬಿ.ಇಡಿ. ತರಗತಿಯಲ್ಲಿ ಕೋಲ್ಮನ್ ವರದಿಯ ಬಗ್ಗೆ ಪಾಠವಾಯಿತು. ಮಗುವಿನ ಸಾಧನೆಯನ್ನು ನಿರ್ಧರಿಸುವುದು ಶಾಲೆಗಿಂತ ಹೆಚ್ಚಾಗಿ ಕುಟುಂಬ ಎಂಬುದು ಅದರ ಸಾರವಂತೆ. ಹಾಗಿದ್ದರೆ ನಾವು ಶಿಕ್ಷಕರಾಗಿ ಮಾಡುವುದೇನು?
— ಪ್ರಶಿಕ್ಷಣಾರ್ಥಿ, ಧಾರವಾಡ

ಉತ್ತರ: ಆ ವರದಿ ಹುಟ್ಟಿದ ಸಂದರ್ಭವನ್ನು ಬಿಟ್ಟು ಅದರ ತೀರ್ಮಾನವನ್ನಷ್ಟೇ ಹೇಳಿಕೊಟ್ಟರೆ ಇಂಥ ನಿರಾಶೆ ಹುಟ್ಟುವುದು ಸಹಜ. ಅಮೆರಿಕದ 1964ರ ನಾಗರಿಕ ಹಕ್ಕುಗಳ ಕಾಯ್ದೆಯಡಿ, ಕಪ್ಪು ಮಕ್ಕಳ ಶಾಲೆಗಳಿಗೂ ಬಿಳಿಯ ಮಕ್ಕಳ ಶಾಲೆಗಳಿಗೂ ಸೌಲಭ್ಯದಲ್ಲಿ ಎಷ್ಟು ಅಂತರವಿದೆಯೆಂದು ತಿಳಿಯಲು ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ನೇತೃತ್ವದಲ್ಲಿ ಸಮೀಕ್ಷೆ ನಡೆಯಿತು. ಸುಮಾರು ನಾಲ್ಕು ಸಾವಿರ ಶಾಲೆಗಳ, ಆರು ಲಕ್ಷದಷ್ಟು ವಿದ್ಯಾರ್ಥಿಗಳ ಮಾಹಿತಿಯನ್ನು ಒಳಗೊಂಡ ವರದಿ 1966ರಲ್ಲಿ ಹೊರಬಂತು. ಕಟ್ಟಡ, ಪ್ರಯೋಗಾಲಯ, ಗ್ರಂಥಾಲಯಗಳ ಅಂತರಕ್ಕಿಂತ ಕುಟುಂಬದ ಹಿನ್ನೆಲೆಯೂ ಜೊತೆಯಲ್ಲಿ ಓದುವ ಮಕ್ಕಳ ಹಿನ್ನೆಲೆಯೂ ಅಂಕಗಳೊಡನೆ ಹೆಚ್ಚು ಬಲವಾಗಿ ಹೊಂದಿಕೊಂಡಿದ್ದವು.

ಇಲ್ಲೊಂದು ಸೂಕ್ಷ್ಮವಿದೆ. ಎಲ್ಲ ಶಾಲೆಗಳಲ್ಲೂ ಸುಮಾರಾಗಿ ಒಂದೇ ಮಟ್ಟದ ಸೌಲಭ್ಯವಿದ್ದರೆ, ಮಕ್ಕಳ ನಡುವಣ ವ್ಯತ್ಯಾಸಕ್ಕೆ ಶಾಲೆ ಕಾರಣವಾಗಿ ಕಾಣುವುದೇ ಇಲ್ಲ. ಊರಿನ ಎಲ್ಲರ ಮನೆಗೂ ಒಂದೇ ಕೆರೆಯ ನೀರು ಬರುತ್ತಿದ್ದರೆ ಯಾರ ಆರೋಗ್ಯದ ವ್ಯತ್ಯಾಸವನ್ನೂ ಆ ನೀರಿನಿಂದ ವಿವರಿಸಲಾಗದಂತೆ. ಹಾಗೆಂದು ನೀರು ಬೇಡವೆಂದು ಅರ್ಥವಲ್ಲ. 1983ರಲ್ಲಿ ಹೇನ್‌ಮನ್ ಮತ್ತು ಲಾಕ್ಸ್‌ಲಿ ಎಂಬ ಸಂಶೋಧಕರು ಭಾರತವೂ ಸೇರಿದಂತೆ ಹಲವು ದೇಶಗಳ ಮಾಹಿತಿಯನ್ನು ಹೋಲಿಸಿ, ದೇಶ ಬಡವಾದಷ್ಟೂ ಕಲಿಕೆಯಲ್ಲಿ ಶಾಲೆ ಮತ್ತು ಶಿಕ್ಷಕರ ಪಾಲು ಹೆಚ್ಚುತ್ತದೆ, ಕುಟುಂಬದ ಪಾಲು ಕುಗ್ಗುತ್ತದೆ ಎಂದು ತೋರಿಸಿದರು. ನಂತರದ ಅಧ್ಯಯನಗಳು ಈ ಮಾತನ್ನು ಅಷ್ಟೇ ಖಚಿತವಾಗಿ ಸಮರ್ಥಿಸಿಲ್ಲ. ಆದರೂ ಮನೆಯಲ್ಲಿ ಪುಸ್ತಕವೇ ಇಲ್ಲದ ಮಗುವಿಗೆ ಶಾಲೆಯ ಪುಸ್ತಕವೇ ಏಕೈಕ ಪುಸ್ತಕ ಎಂಬುದಕ್ಕೆ ಸಮೀಕ್ಷೆಯ ಆಧಾರ ಬೇಕಿಲ್ಲ.

ಶಿಕ್ಷಕರು ಮಾಡಬಹುದಾದದ್ದಕ್ಕೆ ಗಟ್ಟಿಯಾದ ಭಾರತೀಯ ಸಾಕ್ಷ್ಯವಿದೆ. ಪ್ರಥಮ್ ಸಂಸ್ಥೆ ಮುಂಬೈ ಮತ್ತು ವಡೋದರಾಗಳ ಪುರಸಭಾ ಶಾಲೆಗಳಲ್ಲಿ ‘ಬಾಲಸಖಿ’ ಎಂಬ ಕಾರ್ಯಕ್ರಮ ನಡೆಸಿತು. ಅದೇ ಬಡಾವಣೆಯ, ಪ್ರೌಢಶಾಲೆಯವರೆಗೆ ಓದಿದ ಯುವತಿಯೊಬ್ಬಳು ಮೂರು ಮತ್ತು ನಾಲ್ಕನೆಯ ತರಗತಿಯ ಹಿಂದುಳಿದ ಹದಿನೈದಿಪ್ಪತ್ತು ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿಕೊಂಡು ಓದು ಮತ್ತು ಲೆಕ್ಕದ ಬುನಾದಿಯನ್ನಷ್ಟೇ ಕಲಿಸುತ್ತಿದ್ದಳು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಮೌಲ್ಯಮಾಪನದ ಪ್ರಕಾರ ಅಂಕಗಳು ಗಣನೀಯವಾಗಿ ಏರಿದವು, ಅತ್ಯಂತ ಕೆಳಗಿದ್ದ ಮಕ್ಕಳಿಗೇ ಹೆಚ್ಚು ಲಾಭವಾಯಿತು. ಆ ಮಕ್ಕಳ ಮನೆ ಬದಲಾಗಿರಲಿಲ್ಲ, ತಂದೆಯ ಆದಾಯ ಬದಲಾಗಿರಲಿಲ್ಲ. ಪಾಠ ಮಾತ್ರ ಪಠ್ಯಕ್ರಮದ ಮಟ್ಟದಿಂದ ಮಗುವಿನ ಮಟ್ಟಕ್ಕೆ ಇಳಿದಿತ್ತು. ಮನೆಮನೆಗೆ ಹೋಗಿ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯಂತೆ 2024ರಲ್ಲೂ ಗ್ರಾಮೀಣ ಭಾರತದ ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಠ್ಯವನ್ನು ಓದಬಲ್ಲವರು ಶೇ 27ರಷ್ಟು ಮಾತ್ರ. ಉಳಿದವರಿಗೆ ಪಠ್ಯಪುಸ್ತಕ ಮುಗಿಸುವ ಪಾಠದಿಂದ ಪ್ರಯೋಜನವಿಲ್ಲ.

ಇನ್ನೊಂದು ಸಂಗತಿಯನ್ನು ನಿಮ್ಮ ತರಬೇತಿಯಲ್ಲಿ ಯಾರೂ ಹೇಳದೆ ಇರಬಹುದು. ಉತ್ತರ ಪ್ರದೇಶದ ಹಳ್ಳಿಗಾಡಿನಲ್ಲಿ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಅವರು ಆರು, ಏಳನೆಯ ತರಗತಿಯ ಹುಡುಗರಿಗೆ ಕಾಗದದ ಮೇಲಿನ ಚಕ್ರವ್ಯೂಹದಂಥ ಒಗಟುಗಳನ್ನು ಕೊಟ್ಟು, ಬಿಡಿಸಿದಷ್ಟಕ್ಕೆ ಹಣ ಕೊಟ್ಟರು. ಜಾತಿಯನ್ನು ಹೇಳದೆ ಇದ್ದಾಗ ಮೇಲ್ಜಾತಿಯ ಮತ್ತು ಕೆಳಜಾತಿಯ ಹುಡುಗರು ಸಮಸಮನಾಗಿ ಬಿಡಿಸಿದರು. ಎಲ್ಲರೆದುರು ಹೆಸರು, ತಂದೆಯ ಹೆಸರು, ಜಾತಿಗಳನ್ನು ಓದಿ ಹೇಳಿದ ಬಳಿಕ ಕೆಳಜಾತಿಯ ಹುಡುಗರ ಸಾಧನೆ ಕುಸಿಯಿತು. ವಿದ್ಯಾರ್ಥಿವೇತನದ ಅರ್ಜಿ ಹಂಚುವ ದಿನ “ಎಸ್‌ಸಿ, ಎಸ್‌ಟಿ ಮಕ್ಕಳು ಎದ್ದು ನಿಲ್ಲಿ” ಎಂದು ತರಗತಿಯ ನಡುವೆ ಕೂಗುವ ಅಭ್ಯಾಸ ನಮ್ಮ ಶಾಲೆಗಳಲ್ಲಿ ಇನ್ನೂ ಹೋಗಿಲ್ಲ. ಅದನ್ನು ನಿಲ್ಲಿಸಲು ಅನುದಾನ ಬೇಕಿಲ್ಲ, ಆದೇಶವೂ ಬೇಕಿಲ್ಲ.

ಪ್ರಶ್ನೆ: ನಾನು ಏಳನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವಳು. ಮನೆಯವರು ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾರೆ. ಮಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದ್ದೇವೆ, ಈಗ ಮೂರನೆಯ ತರಗತಿ. ಹೋಂವರ್ಕ್ ನನಗೆ ತಿಳಿಯುವುದಿಲ್ಲ, ಟ್ಯೂಷನ್ನಿಗೆ ಹಣವಿಲ್ಲ. ಓದಿದ ತಾಯಂದಿರ ಮಕ್ಕಳೇ ಮುಂದೆ ಬರುತ್ತಾರೆ ಎಂದು ಎಲ್ಲರೂ ಹೇಳುತ್ತಾರೆ. ನನ್ನಿಂದ ಏನಾದರೂ ಆಗುತ್ತದೆಯೇ?
— ತಾಯಿ, ದಾವಣಗೆರೆ

ಉತ್ತರ: ಅಮ್ಮ, ತಾಯಿಯ ಓದಿಗೂ ಮಗುವಿನ ಓದಿಗೂ ನಂಟಿರುವುದು ನಿಜ. ಆದರೆ ಓದಿದ ತಾಯಿ ಮಗುವಿಗೆ ಕೊಡುವುದರಲ್ಲಿ ಬಹುಪಾಲನ್ನು ನೀವೂ ಕೊಡಬಲ್ಲಿರಿ. ದಿನವೂ ಒಂದು ನಿಗದಿತ ಹೊತ್ತು, ಆ ಹೊತ್ತಿನಲ್ಲಿ ಟಿ.ವಿ. ಮತ್ತು ಮೊಬೈಲ್ ಇಲ್ಲದ ಒಂದು ಮೂಲೆ, ಆ ಹೊತ್ತಿನಲ್ಲಿ ಅವಳಿಗೆ ಮನೆಗೆಲಸ ಹೇಳದಿರುವುದು. ಹೆಣ್ಣುಮಕ್ಕಳ ಮಟ್ಟಿಗೆ ಈ ಕೊನೆಯದೇ ದೊಡ್ಡದು. ಶಾಲೆಯಲ್ಲಿ ಇವತ್ತು ಏನಾಯಿತೆಂದು ಕೇಳಿ, ಅವಳು ಅದನ್ನು ಕನ್ನಡದಲ್ಲಿ ನಿಮಗೆ ವಿವರಿಸಲಿ. ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದನ್ನು ತಾಯಿಗೆ ತಿಳಿಯುವಂತೆ ಹೇಳಬೇಕಾದರೆ ಅವಳಿಗೆ ಅದು ಅರ್ಥವಾಗಿರಲೇಬೇಕು. ಅವಳು ತಡವರಿಸಿದ ಕಡೆ ಅವಳಿಗೆ ತಿಳಿದಿಲ್ಲವೆಂದು ನಿಮಗೆ ಗೊತ್ತಾಗುತ್ತದೆ. ನಾಳೆ ಶಿಕ್ಷಕರನ್ನು ಕೇಳಿಕೊಂಡು ಬಾ ಎನ್ನಿ. ಲೆಕ್ಕ ಕಲಿಸಲು ಇಂಗ್ಲಿಷ್ ಬೇಕಿಲ್ಲ: ಕಿರಾಣಿ ಚೀಟಿಯ ಕೂಡುವಿಕೆ, ಚಿಲ್ಲರೆ ಎಣಿಸುವುದು, ಅರ್ಧ ಪಾವು, ಕಾಲು ಕಿಲೋ ಇವೆಲ್ಲ ಲೆಕ್ಕವೇ.

ಕನ್ನಡದಲ್ಲಿ ಅವಳಿಗೆ ಸರಾಗವಾಗಿ ಓದಲು ಬರುತ್ತದೆಯೇ ಎಂಬುದನ್ನು ಮಾತ್ರ ಈ ವಾರವೇ ನೋಡಿ. ಎರಡೂ ಭಾಷೆಗಳಲ್ಲಿ ಅರೆಬರೆಯಾಗಿ ಉಳಿಯುವ ಮಕ್ಕಳನ್ನು ಶಿಕ್ಷಕರು ದಿನವೂ ಕಾಣುತ್ತಾರೆ. ಮನೆಯ ಮಾತಿನಲ್ಲಿ ಓದು ಗಟ್ಟಿಯಾದ ಮಗುವಿಗೆ ಎರಡನೆಯ ಭಾಷೆಯ ಓದು ಸುಲಭವಾಗಿ ಒಲಿಯುತ್ತದೆ. ಅದಕ್ಕೆ ನಿಮ್ಮ ಏಳನೆಯ ತರಗತಿ ಧಾರಾಳವಾಗಿ ಸಾಕು. (ಕನ್ನಡ ಶಾಲೆಯ ಮಗುವಿಗೆ ಭಾಷೆಯ ತೊಡಕೇ ಇಲ್ಲವೆಂದು ಉಳಿದ ಓದುಗರು ತಿಳಿಯಬಾರದು. ಲಂಬಾಣಿ ತಾಂಡಾದಿಂದ ಬರುವ ಮಗುವಿಗೆ ಕನ್ನಡವೇ ಶಾಲೆಯಲ್ಲಿ ಕಲಿಯಬೇಕಾದ ಭಾಷೆ, ಅದನ್ನು ಮೊದಲ ದಿನವೇ ಬಲ್ಲದೆಂದು ಶಾಲೆ ಭಾವಿಸಿಬಿಡುತ್ತದೆ.)

ಒಂದು ಎಚ್ಚರಿಕೆ. ಬಿಹಾರ ಮತ್ತು ರಾಜಸ್ಥಾನಗಳಲ್ಲಿ ತಾಯಂದಿರಿಗೆ ಅಕ್ಷರ ಕಲಿಸಿ, ಮಕ್ಕಳ ಕಲಿಕೆಯಲ್ಲಿ ತೊಡಗುವಂತೆ ಮಾಡಿದ ಪ್ರಯೋಗವೊಂದರ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಮಕ್ಕಳ ಗಣಿತ ಸುಧಾರಿಸಿತು, ಆದರೆ ಸ್ವಲ್ಪವೇ. ಮನೆಯಿಂದ ಆಗುವುದಕ್ಕೆ ಒಂದು ಮಿತಿಯಿದೆ. ಮಗಳು ಹಿಂದೆ ಬಿದ್ದರೆ ಆ ಹೊಣೆಯನ್ನೆಲ್ಲ ನಿಮ್ಮ ಮೇಲೆ ಹಾಕಿಕೊಳ್ಳಬೇಡಿ. ಶುಲ್ಕ ಪಡೆಯುವ ಶಾಲೆಯನ್ನು ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ: ಹಿನ್ನೆಲೆ, ಪರಿಸರ ಎಂಬುದೆಲ್ಲ ಸೋಮಾರಿಗಳ ಸಬೂಬು. ನಮ್ಮ ಕಾಲದಲ್ಲಿ ವಾರಾನ್ನ ಉಂಡು, ಕಂದೀಲಿನ ಬೆಳಕಿನಲ್ಲಿ ಓದಿ ಮೇಲೆ ಬಂದವರಿದ್ದರು. ಸರ್ ಎಂ.ವಿ. ಅವರಿಗೆ ಯಾವ ಅನುಕೂಲವಿತ್ತು? ಶ್ರದ್ಧೆಯಿದ್ದರೆ ಯಾರು ತಡೆಯುತ್ತಾರೆ?
— ನಿವೃತ್ತ ಅಧಿಕಾರಿ, ಮೈಸೂರು

ಉತ್ತರ: ಶ್ರದ್ಧೆಯ ಬೆಲೆಯನ್ನು ಈ ಅಂಕಣ ಕಡಿಮೆ ಮಾಡುತ್ತಿಲ್ಲ. ಆದರೆ ತಾವು ಕೊಟ್ಟ ಉದಾಹರಣೆಗಳೇ ಬೇರೊಂದು ಕಥೆಯನ್ನು ಹೇಳುತ್ತವೆ. ವಿಶ್ವೇಶ್ವರಯ್ಯನವರ ಬಾಲ್ಯದಲ್ಲಿ ಹಣಕ್ಕೆ ಕೊರತೆಯಿತ್ತು, ತಂದೆ ಬೇಗನೆ ತೀರಿಕೊಂಡರು, ಮನೆಪಾಠ ಹೇಳಿ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. ಇವೆಲ್ಲ ನಿಜ. ಆದರೆ ಆ ತಂದೆ ಸಂಸ್ಕೃತ ವಿದ್ವಾಂಸರಾಗಿದ್ದರು, ಬೆಂಗಳೂರಿನಲ್ಲಿ ಸೋದರಮಾವನ ಆಸರೆಯಿತ್ತು, 1881ರಲ್ಲಿ ಬಿ.ಎ. ಮುಗಿದ ಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಅವರನ್ನು ಪುಣೆಯ ವಿಜ್ಞಾನ ಕಾಲೇಜಿಗೆ ಕಳುಹಿಸಿತು. ಆ ಮನೆಯಲ್ಲಿ ಹಣಕ್ಕೆ ಬಡತನವಿತ್ತು, ಅಕ್ಷರಕ್ಕಿರಲಿಲ್ಲ. ಇವೆರಡನ್ನು ಒಂದೇ ಎಂದು ಎಣಿಸುವುದರಿಂದಲೇ ತಮ್ಮ ಪ್ರಶ್ನೆ ಹುಟ್ಟಿದೆ.

ಅಸ್ಪೃಶ್ಯತೆಯ ಕಾರಣಕ್ಕೆ ತರಗತಿಯಲ್ಲಿ ಬೇರೆ ಕೂರಬೇಕಾಗಿದ್ದ ಅಂಬೇಡ್ಕರರ ವಿಷಯದಲ್ಲೂ ಇದನ್ನೇ ಕಾಣುತ್ತೇವೆ. ತಂದೆ ರಾಮ್‌ಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರರು, ಸೈನಿಕ ಶಾಲೆಯಲ್ಲಿ ಕಲಿಸಿದವರು, ಮಗನ ಓದಿಗಾಗಿ ಹಟ ಹಿಡಿದವರು. 1913ರಲ್ಲಿ ಬರೋಡದ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನ ದೊರೆಯದಿದ್ದರೆ ಕೊಲಂಬಿಯ ವಿಶ್ವವಿದ್ಯಾಲಯ ಆ ಅಸಾಮಾನ್ಯ ಪ್ರತಿಭೆಗೂ ನಿಲುಕುತ್ತಿರಲಿಲ್ಲ. ಸೈನ್ಯ ಸೇರದ, ಅಕ್ಷರ ಕಾಣದ ತಂದೆಯ ಮಕ್ಕಳಲ್ಲಿ ಅಷ್ಟೇ ಶ್ರದ್ಧೆಯಿದ್ದವರು ಎಷ್ಟು ಮಂದಿಯೋ; ಅವರ ಜೀವನಚರಿತ್ರೆಗಳನ್ನು ಯಾರೂ ಬರೆದಿಲ್ಲವಾದ್ದರಿಂದ ಅವರು ನಮ್ಮ ಲೆಕ್ಕಕ್ಕೆ ಬರುವುದಿಲ್ಲ.

ವಾರಾನ್ನದ ಮಾತೂ ಹಾಗೆಯೇ. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ ಹಾಕಿ ಓದುವ ಹುಡುಗನನ್ನು ಸಲಹುವ ಆ ಪದ್ಧತಿ ಉದಾರವಾದದ್ದೇ. ಆದರೆ ಆ ಮನೆಗಳ ಹೊಸ್ತಿಲನ್ನು ದಾಟಲು ಎಲ್ಲ ಜಾತಿಯ ಹುಡುಗರಿಗೂ ಸಾಧ್ಯವಿರಲಿಲ್ಲ, ಹುಡುಗಿಯರ ಮಾತಂತೂ ದೂರ. ಉಳಿದವರಿಗೆ ವಾರಾನ್ನದ ಬದಲು ದೊರೆತದ್ದು ಮಠಗಳ ಮತ್ತು ಸಮುದಾಯಗಳ ಉಚಿತ ಪ್ರಸಾದನಿಲಯಗಳು, ಆಮೇಲೆ ಸರ್ಕಾರದ ಹಾಸ್ಟೆಲುಗಳು, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು, 2002ರಲ್ಲಿ ಮೊದಲು ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟ. ಒಬ್ಬರಿಗೆ ದೊರೆತ ನೆರವನ್ನು ಸಂಸ್ಕಾರವೆಂದೂ ಇನ್ನೊಬ್ಬರಿಗೆ ದೊರೆತದ್ದನ್ನು ಸರ್ಕಾರಿ ಸವಲತ್ತೆಂದೂ ಕರೆಯುವ ರೂಢಿ ನಮ್ಮಲ್ಲಿ ಬೆಳೆದುಬಿಟ್ಟಿದೆ.

ಪ್ರಶ್ನೆ: ಖಾಸಗಿ ಶಾಲೆಗಳ ಮಕ್ಕಳೇ ಹೆಚ್ಚು ಅಂಕ ಪಡೆಯುತ್ತಾರೆ. ಅಲ್ಲಿ ಪಾಠ ಚೆನ್ನಾಗಿರುವುದರಿಂದ ತಾನೇ? ಬಡ ಮಕ್ಕಳನ್ನೆಲ್ಲ ಸರ್ಕಾರವೇ ಶುಲ್ಕ ಕೊಟ್ಟು ಅಲ್ಲಿಗೆ ಕಳುಹಿಸಿದರೆ ಅಸಮಾನತೆ ಮುಗಿಯುವುದಿಲ್ಲವೇ?
— ಓದುಗ, ಬೆಂಗಳೂರು

ಉತ್ತರ: ನೆರೆಯ ಆಂಧ್ರಪ್ರದೇಶದಲ್ಲಿ ಇದನ್ನು ಮಾಡಿಯೇ ನೋಡಿದ್ದಾರೆ. 180 ಹಳ್ಳಿಗಳಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಲಾಟರಿಯ ಮೂಲಕ ಖಾಸಗಿ ಶಾಲೆಯ ಶುಲ್ಕಪತ್ರ ಕೊಟ್ಟು, ಸಿಕ್ಕವರನ್ನೂ ಸಿಗದವರನ್ನೂ ಹೋಲಿಸಲಾಯಿತು. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ 2015ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ ನಾಲ್ಕು ವರ್ಷಗಳ ಬಳಿಕ ತೆಲುಗು ಮತ್ತು ಗಣಿತದಲ್ಲಿ ಎರಡೂ ಗುಂಪುಗಳು ಸಮಾನವಾಗಿದ್ದವು. ಹಿಂದಿಯಲ್ಲಿ ಮಾತ್ರ ಖಾಸಗಿ ಶಾಲೆಗೆ ಹೋದವರು ಸ್ಪಷ್ಟವಾಗಿ ಮುಂದಿದ್ದರು. ಸಾಮಾನ್ಯವಾಗಿ ಕಾಣುವ ಅಂಕಗಳ ಅಂತರದಲ್ಲಿ ಬಹುಭಾಗ ಮಕ್ಕಳು ಮನೆಯಿಂದ ತಂದದ್ದು, ಶಾಲೆ ಸೇರಿಸಿದ್ದಲ್ಲ ಎಂದಾಯಿತು. ಖಾಸಗಿ ಶಾಲೆಗಳ ಪರವಾಗಿಯೂ ಒಂದು ಮಾತಿದೆ: ಅವು ಇಷ್ಟನ್ನು ಸಾಧಿಸಿದ್ದು ಸರ್ಕಾರಿ ಶಾಲೆಯ ತಲಾ ವೆಚ್ಚದ ಮೂರನೆಯ ಒಂದು ಪಾಲಿಗಿಂತ ಕಡಿಮೆ ಹಣದಲ್ಲಿ, ಕಡಿಮೆ ಸಂಬಳದ ಶಿಕ್ಷಕರನ್ನಿಟ್ಟುಕೊಂಡು.

ನಮ್ಮಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ ಶೇ 25 ಸೀಟುಗಳ ಅವಕಾಶವನ್ನು ಆರಂಭದ ವರ್ಷಗಳಲ್ಲಿ ಬಹಳ ಪೋಷಕರು ಬಳಸಿಕೊಂಡರು. 2019-20ರಿಂದ, ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಈ ಸೀಟು ಇಲ್ಲವೆಂದು ನಿಯಮ ಬದಲಾದ ಮೇಲೆ ಅದು ಬಹುಮಟ್ಟಿಗೆ ಬತ್ತಿಹೋಗಿದೆ. ಸರ್ಕಾರಿ ಶಾಲೆಗಳನ್ನು ಉಳಿಸುವುದು ಅದರ ಉದ್ದೇಶವೆಂದರು. ಸೀಟು ನಿಲ್ಲಿಸಿದ್ದರಿಂದ ಉಳಿದ ಹಣ ಸರ್ಕಾರಿ ಶಾಲೆಯ ಖಾಲಿ ಹುದ್ದೆಗಳನ್ನು ತುಂಬಲು ಬಳಕೆಯಾಗಿದ್ದರೆ ಆ ವಾದಕ್ಕೆ ತೂಕ ಬರುತ್ತಿತ್ತು. ಅತಿಥಿ ಶಿಕ್ಷಕರಿಂದಲೇ ನಡೆಯುತ್ತಿರುವ ಶಾಲೆಗಳನ್ನು ನೋಡಿದರೆ ಹಾಗೆ ಅನ್ನಿಸುವುದಿಲ್ಲ.

ಪ್ರಶ್ನೆ: ಸಿಇಟಿಯಲ್ಲಿ ನನಗಿಂತ ಕೆಳಗಿನ ರ್‍ಯಾಂಕಿನ ಗೆಳೆಯನಿಗೆ ಗ್ರಾಮೀಣ ಕೋಟಾದಲ್ಲಿ ಒಳ್ಳೆಯ ಸೀಟು ಸಿಕ್ಕಿತು. ಇದು ನ್ಯಾಯವೇ?
— ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ಬೇಸರ ಅರ್ಥವಾಗುತ್ತದೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇ 15, ಅದೇ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಸೀಟುಗಳಿವೆ. ರ್‍ಯಾಂಕ್ ಎಂಬುದು ವಿದ್ಯಾರ್ಥಿ ತಲುಪಿದ ಜಾಗವನ್ನು ಹೇಳುತ್ತದೆ, ಹೊರಟ ಜಾಗವನ್ನು ಹೇಳುವುದಿಲ್ಲ. ಕೋಚಿಂಗ್ ಕೇಂದ್ರವೇ ಇಲ್ಲದ ಹಳ್ಳಿಯಿಂದ ಹೊರಟು ನಿಮಗಿಂತ ತುಸು ಹಿಂದೆ ತಲುಪಿದ ಗೆಳೆಯನಿಗೆ ನಿಮಗಿಂತ ಕಡಿಮೆ ಶಕ್ತಿಯಿದೆ ಎಂದು ಹೇಳಲಾಗದು. ಆದರೆ ಈ ಅಳತೆ ಒರಟು ಎಂಬುದನ್ನೂ ಒಪ್ಪಬೇಕು. ಹುಬ್ಬಳ್ಳಿಯ ಕೊಳೆಗೇರಿಯಲ್ಲಿ ಬೆಳೆದು ಊರಿನೊಳಗಿನ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಕಷ್ಟಪಟ್ಟು ಓದಿದ ಮಗುವಿಗೆ ಈ ಎರಡರಲ್ಲಿ ಯಾವುದೂ ಇಲ್ಲ. ತಂದೆ ತಾಯಿಯ ಶಿಕ್ಷಣವನ್ನು ನೇರವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವ ಅಂಶವೊಂದನ್ನು ಸೇರಿಸಿದರೆ ಅಂಥವರೂ ಒಳಗೆ ಬರುತ್ತಾರೆ ಎಂಬುದು ಈ ಅಂಕಣಕಾರರ ಅಭಿಪ್ರಾಯ.

ಪ್ರಶ್ನೆ: ನಾನು ನಮ್ಮೂರಿನ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ಹಳೆಯ ವಿದ್ಯಾರ್ಥಿಗಳು ಸ್ವಲ್ಪ ಹಣ ಕೂಡಿಸಿ ಕೊಟ್ಟಿದ್ದಾರೆ. ಕಮಾನು ಕಟ್ಟಿಸಿ ಬಣ್ಣ ಬಳಿಸಬೇಕೆಂದು ಕೆಲವರು, ಸ್ಮಾರ್ಟ್ ಬೋರ್ಡ್ ತರಬೇಕೆಂದು ಕೆಲವರು ಹೇಳುತ್ತಾರೆ. ಬಡ ಮಕ್ಕಳಿಗೆ ಯಾವುದರಿಂದ ಹೆಚ್ಚು ಉಪಯೋಗ?
— ಎಸ್‌ಡಿಎಂಸಿ ಸದಸ್ಯ, ಹಾವೇರಿ ಜಿಲ್ಲೆ

ಉತ್ತರ: ಎರಡರಿಂದಲೂ ಅಲ್ಲ. ಅನುಕೂಲಸ್ಥರ ಮನೆಯಲ್ಲಿ ಸಂಜೆ ಆರರಿಂದ ಎಂಟರವರೆಗೆ ಏನು ನಡೆಯುತ್ತದೆಯೋ ಅದನ್ನು ಶಾಲೆಯ ಒಂದು ಕೊಠಡಿಯಲ್ಲಿ ನಡೆಸಿ: ಬೆಳಕು, ಚಾಪೆ, ಓದಲು ಕಥೆಪುಸ್ತಕ, ತಿಳಿಯದ್ದನ್ನು ಕೇಳಲು ಒಬ್ಬ ಹಿರಿಯ. ನಿಮ್ಮೂರಿನಲ್ಲಿ ಪಿಯುಸಿ ಅಥವಾ ಡಿಗ್ರಿ ಮುಗಿಸಿ ಮನೆಯಲ್ಲಿರುವ ಹೆಣ್ಣುಮಕ್ಕಳು ಇದ್ದೇ ಇರುತ್ತಾರೆ. ಅವರಲ್ಲಿ ಇಬ್ಬರಿಗೆ ಆ ಹಣದಿಂದ ತಿಂಗಳ ಗೌರವಧನ ಕೊಡಿ. ಬಿಟ್ಟಿ ಸೇವೆ ಎಂದು ಕರೆದರೆ ಮೂರು ತಿಂಗಳಲ್ಲಿ ನಿಂತುಹೋಗುತ್ತದೆ. ಮೂರರಿಂದ ಐದನೆಯ ತರಗತಿಯ ಮಕ್ಕಳಲ್ಲಿ ಒಂದು ಪುಟ ಸರಾಗವಾಗಿ ಓದಲಾರದವರನ್ನು ಮೊದಲು ಸೇರಿಸಿಕೊಳ್ಳಿ, ಅವರನ್ನು ತರಗತಿಯ ಬದಲು ಓದಿನ ಮಟ್ಟಕ್ಕೆ ತಕ್ಕಂತೆ ಗುಂಪು ಮಾಡಿ. ಹೆಣ್ಣುಮಕ್ಕಳನ್ನು ಕತ್ತಲಾದ ಮೇಲೆ ಮನೆಗೆ ಮುಟ್ಟಿಸುವವರು ಯಾರೆಂದು ಮೊದಲ ಸಭೆಯಲ್ಲೇ ಗೊತ್ತುಮಾಡಿ, ಇಲ್ಲವಾದರೆ ಅವರು ಬರುವುದಿಲ್ಲ. ಮುಖ್ಯಶಿಕ್ಷಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆದು ಎಸ್‌ಡಿಎಂಸಿ ನಡಾವಳಿಯಲ್ಲಿ ದಾಖಲಿಸಿ. ಗುಳೆ ಹೋಗುವ ಮನೆಗಳ ಪಟ್ಟಿಯನ್ನು ಸುಗ್ಗಿಗೆ ಮೊದಲೇ ಮಾಡಿಟ್ಟು, ಮಕ್ಕಳನ್ನು ಊರಿನಲ್ಲೇ ಬಿಡಲು ಒಪ್ಪುವ ಮನೆಗಳಿಗಾಗಿ ಋತುಮಾನದ ವಸತಿ ವ್ಯವಸ್ಥೆ ಸಿಗಬಹುದೇ ಎಂದು ಬಿಇಒ ಕಚೇರಿಯಲ್ಲಿ ವಿಚಾರಿಸಿ. ಜೊತೆಗೇ ಹೊರಡುವ ಮಕ್ಕಳ ಕೈಗೆ ಶಾಲೆಯ ಒಂದು ಚೀಟಿ ಕೊಟ್ಟು ಕಳುಹಿಸಿದರೆ, ಹೋದ ಊರಿನ ಟೆಂಟ್ ಶಾಲೆಯಲ್ಲೋ ಹತ್ತಿರದ ಸರ್ಕಾರಿ ಶಾಲೆಯಲ್ಲೋ ಅವರನ್ನು ಕೂರಿಸಿಕೊಳ್ಳಲು ಕೇಳಬಹುದು. ಇಷ್ಟಾದ ಮೇಲೂ ಹಣ ಉಳಿದರೆ ಬಣ್ಣ ಬಳಿಸಿ. ಕಮಾನು ಬೇಡ.